ಸಹಾಯ ಬೇಕು: ಮೇಸ್ತ್ರಿಗಳ ದೋಣಿಯ ಸಂದಿಗೆ ಹತ್ತಿ ಬಡಿಯುವವರು
ಗಂಗೊಳ್ಳಿಯಲ್ಲಿ ಮರದ ಹಡಗು ಕಟ್ಟುತ್ತಿದ್ದ ಹಿರಿಯ ಮೇಸ್ತ್ರಿಗಳು ಈಗಿಲ್ಲ. ಕೆಲಸ ಬಿಟ್ಟರೆ ಭಜನೆಗೆ ಹಾರ್ಮೋನಿಯಂ, ಇಲ್ಲವೇ ಮೊಮ್ಮಕ್ಕಳನ್ನು ಕೂರಿಸಿಕೊಂಡು ಪಂಚಗಂಗಾವಳಿಯಲ್ಲಿ ಗಾಳ. ಅವರ 16 ಅಡಿ ದೋಣಿಯನ್ನು ವರ್ಷಾಂತಿಕಕ್ಕೆ ನೀರಿಗಿಳಿಸಬೇಕು. ಶೆಡ್ಡಿನಲ್ಲಿ ಒಣಗಿ ಹಲಗೆಗಳು ಸಂದಿ ಬಿಟ್ಟಿವೆ. ನೀರು ನುಗ್ಗದಂತೆ ಸಂದಿಗೆ ತುಂಬುವ ಹತ್ತಿಯನ್ನು ಒಣಗಿದ್ದಾಗಲೇ ಬಿಗಿದರೆ ಮರ ಉಬ್ಬಿದಾಗ ಹಲಗೆ ಮೊಳೆ ಸಮೇತ ಎದ್ದುಬರುತ್ತದೆ. ಅದಕ್ಕೇ ಈಗ ಒದ್ದೆ ಗೋಣಿ ಹೊದಿಸಿ ನೆನೆಸುತ್ತಿದ್ದೇವೆ. ತುಕ್ಕು ಹಿಡಿದ ಕಬ್ಬಿಣದ ಮೊಳೆಗಳ ಸುತ್ತ ಮರ ಕಪ್ಪಾಗಿ ಮೆತ್ತಗಾಗಿದೆ, ಹಳೇ ತೂತಿನಲ್ಲಿ ಹೊಸ ಮೊಳೆ ನಿಲ್ಲದು.

ಬೇಕಿರುವುದು: ಎಣ್ಣೆಯಲ್ಲಿ ನೆನೆಸಿದ ಹತ್ತಿ ಎಳೆಯನ್ನು ಉಳಿಯಿಂದ ಹದವಾಗಿ ಬಡಿಯಬಲ್ಲವರು ಒಬ್ಬರು, 3 ಅಂಗುಲದ ತಾಮ್ರದ ಮೊಳೆ 2 ಕಿಲೋ, ವಾಷರ್ ಸಹಿತ. ದಯವಿಟ್ಟು ಎಪಾಕ್ಸಿ (ಒಣಗಿ ಗಟ್ಟಿಯಾಗುವ ರಾಳದ ಅಂಟು) ಹಚ್ಚಿ ಅನ್ನಬೇಡಿ. ಹಲಗೆ ಉಬ್ಬಿ ಕುಗ್ಗುವಾಗ ಅದು ಬಿರಿಯುತ್ತದೆ, ಆಮೇಲೆ ಕೆರೆದು ತೆಗೆಯುವುದೇ ದೊಡ್ಡ ರಗಳೆ. ಮಲ್ಪೆ, ಭಟ್ಕಳ ಕಡೆ ಗೊತ್ತಿದ್ದವರಿದ್ದರೆ ಮಳೆಗಾಲಕ್ಕೆ ಮುಂಚೆ ತಿಳಿಸಿ.