ಕಾಯಿಲೆ ‘ಇಳಿದಿದೆ’ ಅನ್ನೋಣವೇ, ‘ಮಾಯ್ದಿದೆ’ ಅನ್ನೋಣವೇ?

ಎಲ್ಲರಿಗೂ ನಮಸ್ಕಾರ.

ಮಂಗಳೂರಿನ ಒಂದು ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕನ್ನಡ ಹಾಳೆಯೊಂದನ್ನು ತಿದ್ದಿಕೊಡುತ್ತಿದ್ದೇನೆ. ದಿನ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಮನೆಗೆ ಕಳಿಸುವಾಗ ಅಪ್ಪ ಅಮ್ಮನ ಕೈಗೆ ಕೊಡುವ ಹಾಳೆ ಅದು. ಮಂಗಳೂರು, ಉಡುಪಿಯವರಷ್ಟೇ ಅಲ್ಲ, ಕಾಸರಗೋಡು, ಚಿಕ್ಕಮಗಳೂರು ಕಡೆಯಿಂದ ಬಂದವರೂ ಓದುತ್ತಾರೆ. ಮನೆಮಾತು ತುಳುವೋ ಬ್ಯಾರಿಯೋ ಕೊಂಕಣಿಯೋ ಇರಬಹುದು, ಓದುವುದು ಮಾತ್ರ ಕನ್ನಡದಲ್ಲಿ. ಅದರಲ್ಲಿ ಒಂದು ಕ್ರಿಯಾಪದಕ್ಕೆ ಸರಿಯಾದ ಕನ್ನಡ ಬೇಕಾಗಿದೆ. ಅದನ್ನು ಕೇಳುವ ಮೊದಲು ಕಾಯಿಲೆಯ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಪದದ ತೂಕ ಗೊತ್ತಾಗುವುದಿಲ್ಲ.

ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ ರೆಟಿನಾ. ಅದರ ರಕ್ತನಾಳಗಳು ಬಸಿರಿನ ಸುಮಾರು 16ನೇ ವಾರದಲ್ಲಿ ಬೆಳೆಯಲು ಶುರುವಾಗುತ್ತವೆ. ನಡುವಿನಿಂದ ಅಂಚಿನ ಕಡೆಗೆ ಹಬ್ಬುತ್ತಾ ಹೋಗಿ, ದಿನ ತುಂಬುವ ಹೊತ್ತಿಗೆ ಹೆಚ್ಚುಕಡಿಮೆ ಅಂಚು ಮುಟ್ಟುತ್ತವೆ. ಮಗು ಬೇಗ ಹುಟ್ಟಿತೆಂದರೆ ಆ ಅಂಚು ಇನ್ನೂ ಖಾಲಿ. ಮುಂದಿನ ವಾರಗಳಲ್ಲಿ ಅಲ್ಲಿ ಅಡ್ಡಾದಿಡ್ಡಿ ನಾಳಗಳು ಹುಟ್ಟಬಹುದು, ನಾರು ಕಟ್ಟಬಹುದು, ಆ ನಾರು ಜಗ್ಗಿ ರೆಟಿನಾ ಕಿತ್ತು ಬರಬಹುದು. ಇದೇ ಆರ್‌ಓಪಿ (ರೆಟಿನೋಪತಿ ಆಫ್ ಪ್ರೀಮೆಚ್ಯೂರಿಟಿ). ವಾರ್ಡಿನಲ್ಲಿ ಆಯಾಗಳಿಂದ ಹಿಡಿದು ಅಜ್ಜಿಯಂದಿರ ತನಕ ಎಲ್ಲರೂ ಆರ್‌ಓಪಿ ಅಂತಲೇ ಹೇಳುವುದು. ‘ಅಕಾಲಿಕ ಜನನದ ಅಕ್ಷಿಪಟಲ ರೋಗ’ ಅಂತ ಬರೆದರೆ ಯಾರೂ ಎರಡನೇ ಸಾಲಿಗೆ ಹೋಗುವುದಿಲ್ಲ. ಹಾಗಾಗಿ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ, ಆರ್‌ಓಪಿಯೇ ಇರಲಿ.

34 ವಾರಕ್ಕೆ ಮೊದಲು ಹುಟ್ಟಿದ, ಅಥವಾ 2000 ಗ್ರಾಂಗಿಂತ ಕಡಿಮೆ ತೂಕದ ಮಗುವಿಗೆ ಹುಟ್ಟಿದ 30 ದಿನದೊಳಗೆ ಕಣ್ಣಿನ ಪರೀಕ್ಷೆ ಆಗಬೇಕು ಎಂಬುದು ನಮ್ಮ ದೇಶದ ನಿಯಮ. 28 ವಾರಕ್ಕೂ ಮೊದಲು ಹುಟ್ಟಿದ್ದರೆ ಇನ್ನೂ ಬೇಗ, ಎರಡು ಮೂರು ವಾರದೊಳಗೆ. ಇಲ್ಲಿ ತಿಂಗಳ ಲೆಕ್ಕ ಹಾಕಬೇಡಿ ಅಂತ ನಾನು ಹಟ ಹಿಡಿದಿದ್ದೇನೆ. ನಾಲ್ಕು ವಾರಕ್ಕೆ ಒಂದು ತಿಂಗಳು ಅಂತ ಎಣಿಸುವ ಮನೆಯಲ್ಲಿ 34 ವಾರ ಅಂದರೆ ಎಂಟೂವರೆ ತಿಂಗಳಾಗುತ್ತದೆ. ‘ನಮ್ಮದು ಏಳು ತಿಂಗಳಿನದ್ದೇನಲ್ಲ’ ಅಂತ ಸುಮ್ನೆ ಕೂತುಬಿಡುತ್ತಾರೆ.

ಈಗ ಆ ಕ್ರಿಯಾಪದ. ತುಂಬಾ ಮಕ್ಕಳಲ್ಲಿ ಆರ್‌ಓಪಿ ತಾನಾಗಿಯೇ ಹಿಂದೆ ಸರಿಯುತ್ತದೆ. ಕೆಲವರಿಗೆ ಲೇಸರ್ ಮಾಡಿದ ಮೇಲೆ, ಕೆಲವರಿಗೆ ಕಣ್ಣಿನೊಳಗೆ ಇಂಜೆಕ್ಷನ್ ಕೊಟ್ಟ ಮೇಲೆ ಸರಿಯುತ್ತದೆ. ಆಗ ಡಾಕ್ಟರ ಚೀಟಿಯಲ್ಲಿ ಬರುವ ಮಾತು ‘ರಿಗ್ರೆಸ್ಡ್’. ಹಳೆಯ ಹಾಳೆಯಲ್ಲಿ ಅದಕ್ಕೆ ‘ಕಾಯಿಲೆ ಗುಣವಾಗಿದೆ’ ಎಂದು ಬರೆದಿದ್ದಾರೆ. ಇದೇ ನನಗೆ ಒಪ್ಪಿಗೆಯಾಗದ ಮಾತು. ಗುಣವಾಯಿತು ಅಂದ ಮೇಲೆ ಮತ್ತೆ ಆಸ್ಪತ್ರೆಗೆ ಯಾಕೆ ಬರಬೇಕು? ಹೊಟ್ಟೆನೋವು ಗುಣವಾದ ಮೇಲೆ ಯಾರಾದರೂ ಪ್ರತಿ ವರ್ಷ ತೋರಿಸಿಕೊಳ್ಳುತ್ತಾರಾ? ಕನ್ನಡದಲ್ಲಿ ಆ ಮಾತಿಗೆ ಮುಗಿಯಿತು ಎಂಬ ಅರ್ಥವೇ ಗಟ್ಟಿ.

ಆರ್‌ಓಪಿ ಬಂದ ಕಣ್ಣಿನ ಕಥೆ ಮುಗಿದಿರುವುದಿಲ್ಲ. ಅಂಥ ಕಣ್ಣಿಗೆ ಗ್ಲಾಕೋಮಾ, ಅಂದರೆ ಒಳಗಿನ ನೀರು ಹೊರಗೆ ಹೋಗದೆ ಕಣ್ಣು ಬಿಗಿದು ನರ ಹಾಳಾಗುವ ಕಾಯಿಲೆ, ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಕಾಯಿಲೆ ತೀರಾ ಮುಂದುವರಿದ ಕಣ್ಣಿನಲ್ಲಿ ಮಸೂರದ ಹಿಂದೆ ಕಟ್ಟಿದ ನಾರು ಬಿಗಿಯುತ್ತಾ ಮಸೂರವನ್ನು ಮುಂದಕ್ಕೆ ತಳ್ಳಿ ಆ ನೀರಿನ ದಾರಿ ಮುಚ್ಚಬಹುದು. ಇಂಥ ಮಕ್ಕಳಿಗೆ ಚಿಕ್ಕಂದಿನಲ್ಲೇ ಬರಬಹುದು. ಆಪರೇಷನ್ ಆದ ಕಣ್ಣಿಗೂ ಬರಬಹುದು. ಆದರೆ ಹಾಳೆ ಬರೆಯುವವರು ಮರೆಯಬಾರದ್ದು ಇನ್ನೊಂದು ಗುಂಪನ್ನು. ಕಾಯಿಲೆ ಹಿಂದೆ ಸರಿದು, ಶಾಲೆಗೆ ಹೋಗಿ, ದಪ್ಪ ಕನ್ನಡಕ ಹಾಕಿಕೊಂಡು ಆರಾಮಾಗಿ ಬೆಳೆದ ಮಗುವಿಗೆ ಹದಿಹರೆಯದಲ್ಲೋ, ಇಪ್ಪತ್ತು ಮೂವತ್ತರ ವಯಸ್ಸಿನಲ್ಲೋ ಅದು ಬರಬಹುದು. ಇವರ ಕಣ್ಣಿನ ಮುಂಭಾಗ ಚಿಕ್ಕದು, ಮಸೂರ ದಪ್ಪ. ನೀರು ಹೋಗುವ ಜಾಗ ಮೊದಲೇ ಇಕ್ಕಟ್ಟು. ಇನ್ನೂ ಒಂದು ತೊಡಕಿದೆ. ಈ ಬಗೆಯ, ದಾರಿ ಮುಚ್ಚಿಕೊಂಡು ಬರುವ ಗ್ಲಾಕೋಮಾ ಸಾಮಾನ್ಯವಾಗಿ ಪ್ಲಸ್ ನಂಬರಿನ ಕಣ್ಣಿಗೆ ಬರುವಂಥದ್ದು. ಆರ್‌ಓಪಿ ಆದವರದ್ದು ಹೆಚ್ಚಾಗಿ ಮೈನಸ್ ನಂಬರು, ಡಾಕ್ಟರಿಗೆ ಅನುಮಾನವೇ ಬರದಿರಬಹುದು. ಹಾಗಾಗಿ ಬೇರೆ ಊರಿನಲ್ಲಿ, ಬೇರೆ ಡಾಕ್ಟರ ಹತ್ತಿರ ಹೋದಾಗ ‘ನಾನು ಏಳು ತಿಂಗಳಿಗೆ ಹುಟ್ಟಿದವಳು, ಚಿಕ್ಕಂದಿನಲ್ಲಿ ಆರ್‌ಓಪಿ ಇತ್ತು’ ಅಂತ ಹೇಳುವುದು ಬಹಳ ಮುಖ್ಯ. ‘ಗುಣವಾಗಿದೆ’ ಅಂತ ಇಪ್ಪತ್ತು ವರ್ಷದ ಹಿಂದೆ ಹಾಳೆಯಲ್ಲಿ ಬರೆದುಕೊಟ್ಟಿದ್ದರೆ ಆ ಹುಡುಗಿಗೆ ವಿಷಯ ಗೊತ್ತೇ ಇರುವುದಿಲ್ಲ, ಅಲ್ವಾ?

ಗ್ಲಾಕೋಮಾ ಎಂಬ ಪದ ಹಾಗೇ ಇರಲಿ. ಗ್ರೀಕಿನ ‘ಗ್ಲಾಕೋಸ್’ನಿಂದ ಬಂದ ಮಾತು, ನೀಲಿ ಹಸಿರು ಬೂದು ಕಲೆತ ಬಣ್ಣ ಅದು. ಅಜ್ಜನಿಗೋ ಅತ್ತೆಗೋ ಗ್ಲಾಕೋಮಾ ಇರುವ ಮನೆ ಎಷ್ಟೋ ಇವೆ, ಹೆಸರು ಎಲ್ಲರಿಗೂ ಕೇಳಿ ಗೊತ್ತು. ಇದರಿಂದ ಒಂದು ಅಪಾಯವೂ ಇದೆ ಅನ್ನಿ. ‘ಅಜ್ಜನಿಗೆ ಇರುವ ಕಾಯಿಲೆಯೇ’ ಅಂದ ಕೂಡಲೇ ಅಜ್ಜನ ಡ್ರಾಪ್ಸ್ ನೆನಪಾಗುತ್ತದೆ. ದೊಡ್ಡವರು ದಿನಾ ಹಾಕಿಕೊಳ್ಳುವ ಬ್ರಿಮೋನಿಡಿನ್ ಡ್ರಾಪ್ಸನ್ನು ಎರಡು ವರ್ಷದೊಳಗಿನ ಮಗುವಿಗೆ ಹಾಕಲೇಬಾರದು, ಉಸಿರೇ ನಿಧಾನವಾಗಬಹುದು. ಟಿಮೋಲಾಲ್ ಕೂಡ ಪುಟ್ಟ ಮಕ್ಕಳ ಎದೆಬಡಿತ, ಉಸಿರು ಎರಡಕ್ಕೂ ತೊಂದರೆ ಕೊಡಬಹುದು. ಅದಕ್ಕೇ ‘ದೊಡ್ಡವರ ಡ್ರಾಪ್ಸ್ ಮಗುವಿಗೆ ಹಾಕಬೇಡಿ’ ಎಂಬ ಸಾಲನ್ನು ಗ್ಲಾಕೋಮಾ ಎಂಬ ಪದದ ಪಕ್ಕದಲ್ಲೇ ಇಟ್ಟಿದ್ದೇನೆ.

ಹೆಸರಿಗಿಂತ ಕಷ್ಟ ಕೊಟ್ಟದ್ದು ವಿವರಣೆ. ಹಳೆಯ ಹಾಳೆಯಲ್ಲಿ ‘ಕಣ್ಣಿನ ಒತ್ತಡ ಹೆಚ್ಚಾಗಬಹುದು’ ಎಂದಿತ್ತು. ಇದನ್ನು ಓದಿದ ಬಂಟ್ವಾಳ ಕಡೆಯ ತಾಯಿಯೊಬ್ಬರು ನನ್ನೆದುರೇ ಕೇಳಿದರು: ‘ಇಷ್ಟು ಸಣ್ಣ ಮಗುವಿಗೆ ಎಂತ ಒತ್ತಡ ಮಾರಾಯ್ರೆ? ಅದು ಶಾಲೆಗೆ ಹೋಗ್ತದಾ, ಪರೀಕ್ಷೆ ಬರೀತದಾ?’ ಪಕ್ಕದಲ್ಲಿದ್ದ ಅವರ ಅತ್ತೆ ಬೇರೆ ಅರ್ಥ ಹಚ್ಚಿದರು: ‘ಮೊಬೈಲು ತೋರಿಸಬೇಡಿ ಅಂತ ಹೇಳುವುದು ಮಗಾ, ಕಣ್ಣಿಗೆ ಒತ್ತಡ ಬೀಳ್ತದೆ.’ ಇಬ್ಬರೂ ಹೇಳಿದ್ದು ಸರಿಯಾದ ಕನ್ನಡವೇ. ಪತ್ರಿಕೆಗಳಲ್ಲಿ ಒತ್ತಡ ಅಂದರೆ ಮಂಡೆಬಿಸಿ. ಕಣ್ಣಿನ ಮೇಲೆ ಒತ್ತಡ ಅಂದರೆ ಪರದೆ ನೋಡಿ ನೋಡಿ ಬರುವ ಆಯಾಸ. ಕಣ್ಣಿನ ಒಳಗೆ ನೀರು ತುಂಬಿ ಬಿಗಿಯುವುದು ಆ ಪದದಿಂದ ಯಾರ ಕಣ್ಣಿಗೂ ಕಾಣುವುದಿಲ್ಲ. ಕೆಲವು ನರ್ಸ್‌ಗಳು ‘ಕಣ್ಣಿನ ಬಿಪಿ’ ಅನ್ನುತ್ತಾರೆ. ಬೇಗ ಅರ್ಥವಾಗುತ್ತದೆ ನಿಜ, ಆದರೆ ಉಪ್ಪು ಕಡಿಮೆ ಮಾಡಿ ಅಂತ ಬಾಣಂತಿಗೆ ಸಪ್ಪೆ ಊಟ ಹಾಕುವ ಮನೆಯೂ ಇರುತ್ತದೆ.

ಹೊಸ ಹಾಳೆಯಲ್ಲಿ ಹೀಗೆ ಬರೆದಿದ್ದೇನೆ: ‘ಕಣ್ಣಿನ ಮುಂಭಾಗದಲ್ಲಿ ತಿಳಿನೀರು ದಿನವಿಡೀ ಹುಟ್ಟುತ್ತದೆ, ದಿನವಿಡೀ ಹೊರಗೆ ಹೋಗುತ್ತದೆ. ಹೋಗುವ ದಾರಿ ಕಟ್ಟಿದರೆ, ಮಳೆಗಾಲದಲ್ಲಿ ತೋಡು ಕಟ್ಟಿ ಅಂಗಳ ತುಂಬುವ ಹಾಗೆ ಒಳಗೆ ನೀರು ನಿಂತು ಕಣ್ಣು ಬಿಗಿಯುತ್ತದೆ. ಕಣ್ಣಿನಿಂದ ಮೆದುಳಿಗೆ ಹೋಗುವ ನರ ಇದರಿಂದ ಹಾಳಾಗುತ್ತದೆ. ಹಾಗೆ ಹೋದ ನೋಟ ವಾಪಸ್ ಬರುವುದಿಲ್ಲ.’ ತೋಡು ನಮ್ಮ ಕರಾವಳಿಯ ಮಾತು. ಘಟ್ಟದ ಮೇಲಿನವರಿಗೆ ಗೊತ್ತಾಗದಿದ್ದರೆ ಕಾಲುವೆ ಅಂತ ಸೇರಿಸಲು ತಯಾರಿದ್ದೇನೆ. ‘ಕಣ್ಣು ಬಿಗಿಯುವುದು’ ಹೇಗನಿಸುತ್ತದೆ ಹೇಳಿ. ನನಗಂತೂ ಒತ್ತಡಕ್ಕಿಂತ ಎಷ್ಟೋ ಮೇಲು ಅನಿಸುತ್ತದೆ.

ಪೊರೆ ಎಂಬ ಪದವನ್ನು ಈ ಹಾಳೆಯಿಂದ ಪೂರ್ತಿ ತೆಗೆದಿದ್ದೇನೆ. ಪೊರೆ ಅಂದರೆ ಜನರಿಗೆ ಮುದುಕರ ಕಣ್ಣಿಗೆ ಬರುವ, ಆಪರೇಷನ್ ಮಾಡಿ ತೆಗೆಯುವ ಪೊರೆ. ಆರ್‌ಓಪಿಯಲ್ಲಿ ಮಸೂರದ ಹಿಂದೆ ಕಟ್ಟುವುದು ಬೇರೆ. 1942ರಲ್ಲಿ ಬಾಸ್ಟನ್ನಿನ ಥಿಯೋಡರ್ ಟೆರ್ರಿ ಇದನ್ನು ಮೊದಲು ವಿವರಿಸಿದರು, ಆಮೇಲೆ ಇದಕ್ಕೆ ಮಸೂರದ ಹಿಂದಿನ ನಾರು ಎಂಬರ್ಥದ ಹೆಸರೇ ಬಂತು. ನಾನೂ ‘ನಾರು’ ಅಂತಲೇ ಬರೆದಿದ್ದೇನೆ.

ಲಕ್ಷಣ ಹೇಳುವ ಭಾಗದಲ್ಲಿ ಪದಕ್ಕಿಂತ ನಮ್ಮ ನಡವಳಿಕೆ ಅಡ್ಡ ಬರುತ್ತದೆ. ಮಗುವಿನ ಕಣ್ಣಿನ ಗೋಡೆ ಇನ್ನೂ ಮೆದು. ಸುಮಾರು ಮೂರು ವರ್ಷದವರೆಗೆ ಒಳಗೆ ಬಿಗಿದರೆ ಇಡೀ ಕಣ್ಣೇ ಹಿಗ್ಗಿ ದೊಡ್ಡದಾಗುತ್ತದೆ. ವೈದ್ಯರು ಇದಕ್ಕೆ ಎತ್ತಿನ ಕಣ್ಣು ಎಂಬರ್ಥದ ಗ್ರೀಕ್ ಹೆಸರಿಟ್ಟರು. ನಮ್ಮಲ್ಲಿ? ಬಟ್ಟಲುಗಣ್ಣು ಅಂತ ಮುದ್ದು ಮಾಡಿ, ದೃಷ್ಟಿ ತಾಗೀತು ಅಂತ ಕೆನ್ನೆಗೆ ಕಪ್ಪು ಬೊಟ್ಟು ಇಡುತ್ತೇವೆ. ದೊಡ್ಡ ಕಣ್ಣಿರುವ ಮಕ್ಕಳೆಲ್ಲರಿಗೂ ಕಾಯಿಲೆ ಇದೆ ಅಂತ ಹೆದರಿಸಲೂ ಆಗದು. ಅದಕ್ಕೆ ‘ಕಣ್ಣಿನ ಕಪ್ಪುಭಾಗ ದಿನ ಹೋದಂತೆ ದೊಡ್ಡದಾಗುತ್ತಿದ್ದರೆ, ಅಥವಾ ಒಂದು ಕಣ್ಣು ಇನ್ನೊಂದಕ್ಕಿಂತ ದೊಡ್ಡದಿದ್ದರೆ’ ಎಂದು ಬರೆದೆ. ಜೊತೆಗೆ ಬೆಳಕಿಗೆ ಕಣ್ಣು ಬಿಡದಿರುವುದು, ಕಣ್ಣಲ್ಲಿ ಸದಾ ನೀರು, ಕಪ್ಪುಭಾಗ ಮಂಜು ಕವಿದಂತೆ ಮಸುಕಾಗುವುದು. ನೀರು ಬರುವುದಕ್ಕೆ ಮೂಗಿನ ಕಡೆ ಹೋಗುವ ನಾಳ ಕಟ್ಟಿರುವುದೂ ಕಾರಣವಿರಬಹುದು, ಅದೇ ಹೆಚ್ಚು. ಆದರೆ ಆರ್‌ಓಪಿ ಇದ್ದ ಮಗುವಾದರೆ ಮನೆಯಲ್ಲೇ ತೀರ್ಮಾನ ಮಾಡಬಾರದು, ಎದೆಹಾಲು ಹಿಂಡಿ ಕಾಯುತ್ತಾ ಕೂರಬಾರದು. ಕಣ್ಣು ಕೆಂಪಾಗಿ ಮಗು ರಚ್ಚೆ ಹಿಡಿದು, ಹಾಲು ಬಿಟ್ಟು, ವಾಂತಿ ಮಾಡಿದರೆ ಅಜೀರ್ಣ ಅಂತ ಓಮದ ನೀರು ಕುಡಿಸಬೇಡಿ, ಕಣ್ಣೂ ತೋರಿಸಿ ಎಂಬ ಸಾಲನ್ನೂ ಸೇರಿಸಿದೆ. ಆರ್‌ಓಪಿ ತೀರಾ ಮುಂದುವರಿದ ಕಣ್ಣು ಕೆಲವೊಮ್ಮೆ ಚಿಕ್ಕದಾಗಿಯೇ ಉಳಿಯುತ್ತದೆ. ಅಲ್ಲಿ ಕಣ್ಣು ದೊಡ್ಡದಾಗಲಿ ಅಂತ ಕಾದರೆ ಕೆಲಸ ಕೆಟ್ಟಿತು.

ಇನ್ನು ನನ್ನ ಪ್ರಶ್ನೆ. ‘ಗುಣವಾಗಿದೆ’ ಬದಲು ಏನು?

‘ಇಳಿದಿದೆ’ ನನ್ನ ಮೊದಲ ಆಯ್ಕೆ. ಜ್ವರ ಇಳಿಯಿತು, ಬಾವು ಇಳಿಯಿತು ಅನ್ನುತ್ತೇವಲ್ಲ. ಇಳಿದದ್ದು ಮತ್ತೆ ಏರಬಹುದು ಎಂಬ ಎಚ್ಚರ ಆ ಮಾತಿನಲ್ಲೇ ಇದೆ. ಇಂಜೆಕ್ಷನ್ ಕೊಟ್ಟ ಮಕ್ಕಳಲ್ಲಿ ಆರ್‌ಓಪಿ ಕೆಲವು ವಾರ, ತಿಂಗಳ ಮೇಲೆ ಮರುಕಳಿಸುವುದೂ ಉಂಟು, ಅಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಉಳಿದುಹೋದ ಗುರುತನ್ನು ಅದು ಹೇಳುವುದಿಲ್ಲ. ಜ್ವರ ಇಳಿದ ಮೈಯಲ್ಲಿ ಏನೂ ಉಳಿಯುವುದಿಲ್ಲವಲ್ಲ.

‘ಮಾಯ್ದಿದೆ’ ಆ ಕೆಲಸ ಮಾಡುತ್ತದೆ. ಗಾಯ ಮಾಯುತ್ತದೆ, ಕಲೆ ಉಳಿಯುತ್ತದೆ. ಎಷ್ಟೋ ಕಣ್ಣುಗಳಲ್ಲಿ ಆಗುವುದೂ ಅದೇ. ಅಪ್ಪಟ ಕನ್ನಡ, ಸಣ್ಣ ಪದ. ತೊಂದರೆ ಏನೆಂದರೆ ಈಗಿನ ಮೂವತ್ತರೊಳಗಿನ ತಾಯಂದಿರು ಈ ಕ್ರಿಯಾಪದವನ್ನು ಬಳಸುವುದು ಕಡಿಮೆ. ಓದಿಸಿ ನೋಡಿದಾಗ ಕೆಲವರು ‘ಮಾಯವಾಗಿದೆ’ ಅಂತಲೇ ಓದಿದರು. ಹಾಗಾದರೆ ಗುಣವಾಗಿದೆಗಿಂತಲೂ ಕೆಟ್ಟದಾಯಿತು!

‘ಅಡಗಿದೆ’ ಅಂದರೆ ಒಳಗೆ ಹೊಂಚು ಹಾಕಿ ಕೂತಂತೆ ಕೇಳಿಸುತ್ತದೆ, ತಾಯಿ ನಿದ್ದೆಗೆಡುತ್ತಾಳೆ. ‘ಹಿಂಜರಿದಿದೆ’ ಅಂದರೆ ಮಗುವೇ ಹಿಂದುಳಿದಿದೆ ಅಂದುಕೊಂಡಾರು. ಎರಡೂ ಬೇಡ.

ಸದ್ಯಕ್ಕೆ ಈ ಸಾಲು ಇಟ್ಟಿದ್ದೇನೆ: ‘ಆರ್‌ಓಪಿ ಈಗ ಇಳಿದಿದೆ. ಕಣ್ಣಿನಲ್ಲಿ ಅದರ ಕಲೆ ಉಳಿದಿರಬಹುದು. ಆದ್ದರಿಂದ ಮಗು ದೊಡ್ಡದಾದ ಮೇಲೂ ಡಾಕ್ಟರು ಹೇಳಿದ ಸಮಯಕ್ಕೆ ಕಣ್ಣು ತೋರಿಸುತ್ತಿರಿ.’ ಕಲೆ ಅಂದರೆ ಕಣ್ಣಿನ ಮೇಲೆ ಚುಕ್ಕೆ ಅಂತ ಹುಡುಕಿಯಾರೇ ಎಂಬ ಅನುಮಾನ ಇದೆ. ‘ಗುರುತು’ ಅಂದರೆ ವಾಸಿಯೇ?

ಕುಂದಾಪುರ, ಸುಳ್ಯ ಕಡೆಯವರು, ಹವ್ಯಕ ಕನ್ನಡ ಆಡುವವರು ದಯವಿಟ್ಟು ಹೇಳಿ. ಗಾಯವೋ ಬಾವೋ ಕಡಿಮೆಯಾಗಿ ಗುರುತು ಉಳಿದಾಗ ನಿಮ್ಮ ಮನೆಗಳಲ್ಲಿ ಯಾವ ಕ್ರಿಯಾಪದ ಬಳಸುತ್ತಾರೆ? ‘ಮಾಯು’ ನಿಮ್ಮಲ್ಲಿ ಇನ್ನೂ ಬಳಕೆಯಲ್ಲಿ ಇದೆಯೇ, ಚಿಕ್ಕ ವಯಸ್ಸಿನವರೂ ಆಡುತ್ತಾರೆಯೇ? ಹಾಳೆ ಅಚ್ಚಿಗೆ ಹೋಗುವ ಮೊದಲು ಒಬ್ಬಿಬ್ಬರು ಬಾಣಂತಿಯರಿಗೆ ಈ ಮೂರು ಸಾಲು ಓದಿಸಿ, ಅವರಿಗೆ ಏನು ಅರ್ಥವಾಯಿತು ಎಂದು ಅವರ ಮಾತಿನಲ್ಲೇ ಬರೆದು ಕಳಿಸಿದರೆ ತುಂಬಾ ಉಪಕಾರವಾಗುತ್ತದೆ.