ಅಪ್‌ಡೇಟ್: ಟ್ರೇಸ್‌ಪಾಯಿಂಟ್ ಆಫ್ ಇದ್ದರೂ ಡ್ರೈವರ್ ನಿಧಾನ, ಕಾರಣ ಸಿಕ್ಕಿತು

ನಮ್ಮ ಲಿನಕ್ಸ್ ಡ್ರೈವರ್‌ಗೆ ಹೊಸ ಟ್ರೇಸ್‌ಪಾಯಿಂಟ್ (ಬೇಕಾದಾಗ ಆನ್ ಮಾಡಿ, ಕೋಡ್‌ನ ಆ ಜಾಗದಲ್ಲಿ ಏನು ನಡೀತು ಅಂತ ದಾಖಲಿಸುವ ಗುರುತು) ಹಾಕಿದ ಮೇಲೆ, ಅದು ಆಫ್ ಇದ್ದಾಗಲೂ ವೇಗ ಬೀಳ್ತಿದೆ ಅಂತ ಕಳೆದ ವಾರ ಕೇಳಿದ್ದೆನಲ್ಲ, ಬಗೆಹರಿಯಿತು.

ಜಂಪ್ ಲೇಬಲ್ ಕಾನ್ಫಿಗ್ (ಆಫ್ ಇರುವ ಟ್ರೇಸ್‌ನ ಖರ್ಚು ತೀರಾ ಕಡಿಮೆ ಮಾಡುವ ಕರ್ನಲ್ ಸೆಟ್ಟಿಂಗ್) ನೋಡಿ ಅಂದಿದ್ದರು ಒಬ್ಬರು. ಅದು ಮೊದಲೇ ಆನ್ ಇತ್ತು, ಆ ಜಾಗದಲ್ಲಿ ನಾಪ್ (ಏನೂ ಮಾಡದ ಸೂಚನೆ) ತಣ್ಣಗೆ ಕೂತಿತ್ತು. ತಪ್ಪು ನನ್ನದೇ: ಟ್ರೇಸ್ ಕರೆಯ ಆರ್ಗ್ಯುಮೆಂಟ್‌ನಲ್ಲೇ, ಇಡೀ ಲಿಸ್ಟ್ ಸುತ್ತಿ ಕ್ಯೂ ಉದ್ದ ಎಣಿಸುವ ಫಂಕ್ಷನ್ ಕರೆದಿದ್ದೆ. ಟ್ರೇಸ್ ಆಫ್ ಇದ್ದರೂ ಆ ಎಣಿಕೆ ನಡೆದೇ ನಡೆಯುತ್ತೆ! ಪ್ರತಿ ಟ್ರೇಸ್‌ಪಾಯಿಂಟ್‌ಗೂ ಹೆಸರಿನ ಕೊನೆಗೆ ‘_ಎನೇಬಲ್ಡ್’ ಇರುವ, ಟ್ರೇಸ್ ಆನ್ ಇದೆಯಾ ಅಂತ ಹೇಳುವ ಫಂಕ್ಷನ್ ತಾನಾಗೇ ಸಿಗುತ್ತೆ, ಅದರ ಇಫ್ ಒಳಗೆ ಎಣಿಸಿ ಅಂದವರ ಸಲಹೆಯೇ ಕೆಲಸಕ್ಕೆ ಬಂತು. ಅವರಿಗೊಂದು ಫಿಲ್ಟರ್ ಕಾಫಿ ಬಾಕಿ.

ಇನ್ನೊಂದು ಬೆಚ್ಚಿಬೀಳಿಸಿದ ವಿಷಯ. ಡಿವೈಸ್ ಹೆಸರಿನ ಪಾಯಿಂಟರ್ (ಮೆಮೊರಿಯಲ್ಲಿ ಹೆಸರು ಇರುವ ವಿಳಾಸ) ಮಾತ್ರ ಟ್ರೇಸ್ ಬಫರ್‌ಗೆ ತುಂಬಿದ್ದೆ. ದಾಖಲೆಯನ್ನು ಓದುವ ಸಾಲಾಗಿಸುವ ಟಿಪಿ_ಪ್ರಿಂಟ್‌ಕೆ ಓಡೋದು ಘಟನೆ ನಡೆದಾಗಲ್ಲ, ನಾವು ಟ್ರೇಸ್ ಫೈಲ್ ಓದುವಾಗ. ಅಷ್ಟರಲ್ಲಿ ಡಿವೈಸೇ ಹೋಗಿದ್ದರೆ ಹೆಸರಿನ ಜಾಗದಲ್ಲಿ ಕಸ. ‘__ಸ್ಟ್ರಿಂಗ್’, ‘__ಅಸೈನ್_ಎಸ್‌ಟಿಆರ್’ ಎಂಬ ಮ್ಯಾಕ್ರೋ ಬಳಸಿ ಹೆಸರನ್ನೇ ಬಫರ್‌ಗೆ ನಕಲು ಮಾಡಿಟ್ಟುಕೊಳ್ಳಿ. ಹಳೇ ಉದಾಹರಣೆಗಳಲ್ಲಿ ಎರಡನೆಯದಕ್ಕೆ ಎರಡು ಆರ್ಗ್ಯುಮೆಂಟ್ ಇರುತ್ತೆ, ಕರ್ನಲ್ 6.10ರಿಂದ ಒಂದೇ. ಅಲ್ಲೂ ಅರ್ಧ ದಿನ ಹೋಯ್ತು ನಂದು.