ಸಹಾಯ ಬೇಕು: ಫ್ಯಾಟಿ ಆಲ್ಕೋಹಾಲ್ ಪೆರಾಕ್ಸಿಸೋಮ್ ಒಳಗೆ ಹೋಗುವುದು ಹೇಗೆ?

ಬಯೋಕೆಮಿಸ್ಟ್ರಿ ಬಲ್ಲವರು ದಯವಿಟ್ಟು ನೋಡಿ. ಲಿವರ್ ಜೀವಕೋಶದ ಪೆರಾಕ್ಸಿಸೋಮ್ (ಜೀವಕೋಶದೊಳಗೆ ಇರುವ, ಪೊರೆ ಸುತ್ತಿದ ಪುಟ್ಟ ಚೀಲ) ಬಗ್ಗೆ ಓದುತ್ತಿದ್ದೇನೆ. ಅಲ್ಲಿ ಎಫ್‌ಎಆರ್1 ಎಂಬ ಕಿಣ್ವ ಅಸೈಲ್-ಕೋಎಯನ್ನು (ಕೋಎ ಎಂಬ ಅಣುವಿಗೆ ಜೋಡಿಸಿದ ಕೊಬ್ಬಿನಾಮ್ಲ) ಫ್ಯಾಟಿ ಆಲ್ಕೋಹಾಲ್ (ಉದ್ದ ಕಾರ್ಬನ್ ಸರಪಳಿಯ ಆಲ್ಕೋಹಾಲ್) ಆಗಿ ಬದಲಿಸುತ್ತದೆ. ಒಂದು ಅಣುವಿಗೆ 2 ಎನ್‌ಎಡಿಪಿಎಚ್ (ಎಲೆಕ್ಟ್ರಾನ್ ಒದಗಿಸುವ ಸಹಾಯಕ ಅಣು) ಖರ್ಚು. 16, 18 ಕಾರ್ಬನ್‌ಗಳ ಸರಪಳಿಯನ್ನೇ ಅದು ಜಾಸ್ತಿ ಹಿಡಿಯುತ್ತದೆ. ಇಷ್ಟು ಸರಿ ಅಲ್ವಾ?

ತೊಡಕು ಇರುವುದು ಇದರ ನಂತರ. ಎಫ್‌ಎಆರ್1 ತನ್ನ ಬಾಲದಿಂದ ಪೆರಾಕ್ಸಿಸೋಮ್ ಪೊರೆಗೆ ಅಂಟಿಕೊಂಡಿದೆ, ಕೆಲಸ ಮಾಡುವ ಭಾಗ ಹೊರಗೆ, ಸೈಟೋಸಾಲ್ (ಜೀವಕೋಶದೊಳಗಿನ ದ್ರವ) ಕಡೆಗಿದೆ. ಆದರೆ ಆ ಆಲ್ಕೋಹಾಲ್ ಬಳಸಿ ಈಥರ್ ಬಂಧ (ಎರಡು ಕಾರ್ಬನ್‌ಗಳ ನಡುವೆ ಆಕ್ಸಿಜನ್ ಇರುವ ಕೊಂಡಿ) ಕಟ್ಟುವ ಎಜಿಪಿಎಸ್ ಎಂಬ ಕಿಣ್ವ ಇರುವುದು ಪೆರಾಕ್ಸಿಸೋಮ್ ಒಳಗಡೆ! ಹಾಗಾದರೆ ಆಲ್ಕೋಹಾಲ್ ಒಳಗೆ ಸೇರುವುದು ಹೇಗೆ? ಕೊಬ್ಬಿನಂಥ ಅಣು, ಸುಮ್ನೆ ಪೊರೆಯೊಳಗೇ ಜಾರಿ ಆಚೆ ಹೋಗುತ್ತದೆಯೇ? ಸಾಗಿಸಲು ಬೇರೆ ಪ್ರೊಟೀನ್ ಬೇಕೇ? ನನಗೆ ಮೊದಲನೆಯದೇ ಸರಿ ಅನ್ನಿಸುತ್ತದೆ. ಲಿವರ್ ಜೀವಕೋಶದಲ್ಲೇ ಮಾಡಿದ ಪ್ರಯೋಗ ಗೊತ್ತಿದ್ದವರು ತಿಳಿಸಿ.